ಮದುವೆಗೆ ಬರಬೇಡಿ ಎಂದು ಕರೆಯಲು ಬಂದವರು

ಆ ಸಲ ರಜೆಗೆ ಸಿಂದಗಿಗೆ ಬರುವಾಗಲೇ ನಾನು ನಿರ್ಧಾರ ಮಾಡಿಬಿಟ್ಟಿದ್ದೆ, ತಿರುಗಿ ಹೋಗುವುದಿಲ್ಲ ಅಂತ. ಕೊಲ್ಲಿ ದೇಶದ ಆ ಊರು, ನಾವು ಕಟ್ಟುತ್ತಿದ್ದ ಆ ಆಸ್ಪತ್ರೆ, ಅಲ್ಲಿಯ ಪ್ರಾಜೆಕ್ಟ್ ಮ್ಯಾನೇಜರ್, ಎಲ್ಲವೂ ಹಾಳಾಗಿ ಹೋಗಲಿ. ಬಸ್‌ಸ್ಟ್ಯಾಂಡಿನಲ್ಲೇ ಹೆಂಡತಿಗೆ ಹೇಳಿದೆ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಬ್ಯಾಗು ಕಸಿದುಕೊಂಡು, "ಛಲೋ ಆತು ಬಿಡ್ರಿ. ಯಾರರ ಕೇಳಿದ್ರ ಈ ನಿಮ್ಮ ಮಾರಿ ತೋರಿಸ್ತೇನಿ, ಸಾಕು" ಎಂದಳು.

ನಾನು ಸೈಟ್ ಇಂಜಿನಿಯರ್. ಊರಿಗೆ ಬಂದಾಗಲೆಲ್ಲ ಜನ ಕೇಳುವುದು ಅಲ್ಲಿಯ ಬಿಸಿಲಿನ ಬಗ್ಗೆ. ಬಿಸಿಲಿನ ಮಾತು ಬಿಡ್ರಿ, ನಮ್ಮ ಕಡೆಯ ಆಲಮೇಲದ ಬೇಸಿಗೆ ಕಂಡವನಿಗೆ ಅದೇನು ಮಹಾ! ಕಷ್ಟ ಬೇರೆಯೇ. ಗೇಟಿನಲ್ಲಿ ಕಾಂಕ್ರೀಟ್ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ, ಆ ಕಾವಿಗೆ ಮಾಲು ಒಳಗೇ ಗಟ್ಟಿಯಾಗತೊಡಗುತ್ತದೆ. ಮೇಲೆ ಸ್ಲ್ಯಾಬಿನ ಹತ್ತಿರ ಕೆಲಸ ಪರೀಕ್ಷಿಸುವ ಕನ್ಸಲ್ಟೆಂಟ್ ಕಬ್ಬಿಣದ ಕಟ್ಟಿನಲ್ಲಿ ತಪ್ಪು ಹುಡುಕುತ್ತ ಕೂತಿರುತ್ತಾನೆ. ನಾನು ಸುರಿಯಿರಿ ಅಂದರೆ ಅವನು ಕೆಲಸವನ್ನೇ ತಿರಸ್ಕರಿಸುತ್ತಾನೆ. ನಿಲ್ಲಿಸಿ ಅಂದರೆ ಮರುದಿನ ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲರೆದುರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಮಾನ ತೆಗೆಯುತ್ತಾನೆ. ಹೀಗೆ ವರ್ಷಗಟ್ಟಲೆ. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಒಂದು ದವಡೆ ಹಲ್ಲು ಮೆತ್ತನೆಯ ಅನ್ನ ಉಣ್ಣುವಾಗಲೇ ಮುರಿದುಬಿತ್ತು.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದವನು ಮುದ್ದೇಬಿಹಾಳದ ಗೆಳೆಯ. ಅವನೂ ನನ್ನಂತೆಯೇ ಸೈಟ್ ಇಂಜಿನಿಯರ್. ಕಟ್ಟಡದ ಅರ್ಧ ಅವನದು, ಅರ್ಧ ನನ್ನದು. ನಮ್ಮ ಕಂಪನಿಯಲ್ಲಿ ಬದಲಿಗೆ ಒಬ್ಬನನ್ನು ತೋರಿಸದೆ ಯಾರಿಗೂ ರಜೆ ಸಿಗುತ್ತಿರಲಿಲ್ಲ. ಬೇರೆಯವರು ಅದಕ್ಕಾಗಿ ಆಫೀಸಿನಲ್ಲಿ ಜಗಳವಾಡುತ್ತಿದ್ದರು. ನಾವಿಬ್ಬರೂ ಒಂದೇ ಜಿಲ್ಲೆಯವರಲ್ಲವೇ, ಜಗಳ ಯಾಕೆ ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಇಬ್ಬರ ಕೆಲಸವನ್ನೂ ನೋಡುವುದು. ಹೋದವನು ಬಂದು ಹೆಲ್ಮೆಟ್ ಹಾಕುವ ತನಕ ಇದ್ದವನು ಅಲ್ಲಾಡುವಂತಿಲ್ಲ. "ನಮ್ಮ ಕಡಿ ಮನಷ್ಯಾ ಅದಾನಲ್ಲ, ಮತ್ತೇನ್ ಬೇಕು" ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆವು. ಆಫೀಸಿನವರಿಗೆ ಹಬ್ಬವಾಯಿತು. ಈ ಇಬ್ಬರಿಗೆ ಬೇರೆ ಬದಲಿಯೇ ಬೇಕಿಲ್ಲ ಎಂದು ಅವರು ಬರೆದಿಟ್ಟುಕೊಂಡರು. ನಮ್ಮ ಕೊರಳಿಗೆ ಹಗ್ಗ ಹಾಕಿಕೊಂಡವರು ನಾವೇ.

ಮನೆಯಲ್ಲಿ ಹೆಂಡತಿ ನನ್ನ ಫೋನನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಆದರೂ ಅದು ರಿಂಗಾದ ಹಾಗೆ ಕೇಳಿ ನಾನು ಊಟದ ನಡುವೆ ಎದ್ದು ನಿಲ್ಲುತ್ತಿದ್ದೆ. "ಕುಂದರ್ರಿ, ಯಾವ ಫೋನೂ ಇಲ್ಲ ಏನೂ ಇಲ್ಲ" ಎಂದು ರಟ್ಟೆ ಹಿಡಿದು ಕೂಡಿಸುತ್ತಿದ್ದಳು. ಕಡೆಗೆ ವಿಜಯಪುರಕ್ಕೆ ಕರೆದೊಯ್ದಳು. ಡಾಕ್ಟರು, "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು, ಅಷ್ಟೇ. ಉತ್ತರ ಹೇಳಲು ಬಾಯಿ ತೆರೆದವನು ಗೊಳೋ ಎಂದು ಅತ್ತುಬಿಟ್ಟೆ. ಹೊರಗೆ ಪಾಳಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಇಣುಕಿ ನೋಡಿದರು. ಡಾಕ್ಟರು ಗುಳಿಗೆ ಬರೆದುಕೊಟ್ಟು ಹೆಂಡತಿಯ ಕಡೆ ತಿರುಗಿ, "ಇವ್ರನ್ನ ಮತ್ತ ಅಲ್ಲಿಗೆ ಕಳಿಸಬ್ಯಾಡ್ರಿ ತಾಯಿ" ಎಂದರು. ಇಂಡಿ ತಾಲೂಕಿನಿಂದ ಬಂದ ನನ್ನ ಮಾವನೂ ಅದನ್ನೇ ಹೇಳಿದರು. ತಮ್ಮ ನಿಂಬೆ ತೋಟಕ್ಕೆ ಬಂದು ಸುಮ್ಮನೆ ಕೂತಿರು ಎಂದರು. ಸುಮ್ಮನೆ ಕೂಡುವುದು! ಆ ಮಾತಿಗೇ ನನ್ನ ಎದೆ ಹಗುರಾಯಿತು.

ಆದರೆ ಗೆಳೆಯನಿಗೆ ನಾನು ಇನ್ನೂ ಹೇಳಿರಲಿಲ್ಲ. ಅವನ ಮಗಳ ಲಗ್ನ ನಿಶ್ಚಯವಾಗಿತ್ತು, ಬಸವನ ಬಾಗೇವಾಡಿಯ ಬೀಗರು, ಅಲ್ಲಿಯದೇ ಕಲ್ಯಾಣ ಮಂಟಪ. ನಾನು ಹೋಗದಿದ್ದರೆ ಅವನು ಬರುವಂತಿಲ್ಲ. ಹೇಗೆ ಹೇಳುವುದು ಎಂದು ಹೆಣಗುತ್ತಿರುವಾಗಲೇ ಒಂದು ಬೆಳಗ್ಗೆ ಅವನ ಹೆಂಡತಿ, ಮಗಳು ಮುದ್ದೇಬಿಹಾಳದಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಕೈಯಲ್ಲಿ ಕುಂಕುಮದ ಬಟ್ಟಲು, ಅಕ್ಷತೆ. ಲಗ್ನಕ್ಕೆ ಕರೆಯುವವರು ಬರುವ ಹಾಗೆಯೇ ಬಂದಿದ್ದರು. ತಾಯಿ ಕೂತು ನೀರು ಕುಡಿದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹ್ಯಾಂಗ ಹೇಳೂದೋ ತಿಳೀವಲ್ದು ಅಣ್ಣಾರ. ಊರ ಮಂದಿನ್ನೆಲ್ಲಾ ಬರ್ರಿ ಅಂತ ಕರದೇವಿ. ನಿಮ್ಮನ್ನ ಒಬ್ಬರನ್ನ ಬರಬ್ಯಾಡ್ರಿ ಅಂತ ಕರ್ಯಾಕ ಬಂದೇವಿ."

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ. ಮಗಳು ನನ್ನ ಕಾಲಿಗೆ ಬಿದ್ದು, ಎದ್ದವಳು ನೆಲ ನೋಡುತ್ತಲೇ ಹೇಳಿದಳು. "ಕಾಕಾ, ನೀವು ಅಲ್ಲಿಗೆ ಹ್ವಾದ್ರ ಅಪ್ಪ ಬರ್ತಾನ್ರಿ. ಇಲ್ಲಂದ್ರ ಅವಂಗ ಬಿಡಂಗಿಲ್ಲಂತ್ರಿ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದೆ. ನೀನೇ ಬೇಡ ಅನ್ನು ಮಾರಾಯ್ತಿ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣ, ಎಲೆ ಅಡಿಕೆ ಇದ್ದವು. ಹುಡುಗಿಯನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. "ಕಾಕಾ ಹೋಗ್ತಾರವ್ವ, ನಿಮ್ಮಪ್ಪ ಬರ್ತಾನ. ಚಿಂತಿ ಮಾಡಬ್ಯಾಡ" ಎಂದಳು.

ಅವರು ಹೋದ ಮೇಲೆ ನಾನು ಸಿಟ್ಟಿನಿಂದ ಹಾರಾಡಿದೆ. ನನ್ನನ್ನು ಒಂದು ಮಾತು ಕೇಳಬಾರದೇ, ನಾನೇನು ಮನುಷ್ಯನೋ ಮೂಟೆಯೋ ಎಂದೆ. ಅವಳು ಮೊರ ಝಾಡಿಸುತ್ತ, "ಮದುಮಗಳಾಗೂ ಕೂಸು ಮನಿಗೆ ಬಂದು ಕಾಲಿಗೆ ಬಿದ್ರ ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ರಿ. ನಿಮಗ ಬರತಿತ್ತೇನು?" ಎಂದಳು. ನನಗೂ ಬರುತ್ತಿರಲಿಲ್ಲ.

ಹೋದೆ. ಗೆಳೆಯ ಗೇಟಿನ ತನಕ ಬಂದು ಅಪ್ಪಿಕೊಂಡ. ಮೈ ಎಲ್ಲ ಎಲುಬು. ಕೆಲಸ ಬಿಡಬೇಕೆಂದಿದ್ದೇನೆ ಎಂದು ಆಗ ಅವನಿಗೆ ಹೇಳಿದೆ. "ಲಗ್ನ ಮುಗಿಸಿ ಓಡಿ ಬರ್ತೇನಿ. ಆಮ್ಯಾಲ ನೀ ಕಾಯಂ ಹೋಗಿಬಿಡು ದೋಸ್ತ, ಎರಡೂ ಕಡೀ ಕೆಲಸ ನಾ ನೋಡ್ಕೊಂತೇನಿ" ಎಂದ. ಆ ಮಾತನ್ನು ಹಿಡಿದುಕೊಂಡೇ ನಾನು ಆ ದಿನಗಳನ್ನು ತಳ್ಳಿದೆ. ರಾಜೀನಾಮೆ ಕೊಟ್ಟೆ. ಆಫೀಸಿನವರು ಬದಲಿಯವನು ಬರಲಿ, ಅಂದೇ ಬಿಡುತ್ತೇವೆ ಎಂದರು. ನಮ್ಮ ಪಾಸ್‌ಪೋರ್ಟುಗಳೆಲ್ಲ ಅವರ ಕಪಾಟಿನಲ್ಲೇ ಇರುತ್ತಿದ್ದವು. ಲಗ್ನಕ್ಕೆ ನನ್ನ ಹೆಂಡತಿ ಒಬ್ಬಳೇ ಹೋಗಿ ಬಂದಳು. ಅವಳು ಕಳಿಸಿದ ವಿಡಿಯೋದಲ್ಲಿ ಗೆಳೆಯ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಒತ್ತಾಯ ಮಾಡಿ ಹೋಳಿಗೆ ಹಾಕುತ್ತಿದ್ದ. ಅವನು ಅಷ್ಟು ನಕ್ಕಿದ್ದನ್ನು ನಾನು ಸೈಟಿನಲ್ಲಿ ಎಂದೂ ಕಂಡಿರಲಿಲ್ಲ.

ಅವನು ಬರಬೇಕಾದ ದಿನ ಬರಲಿಲ್ಲ. ಫೋನು ಬಂತು.

"ನಾ ಬರಂಗಿಲ್ಲೋ."

ಬಾಯಿಗೆ ಬಂದದ್ದೆಲ್ಲ ಬೈದೆ. ಹಲ್ಕಟ್ ಅಂದೆ, ನಂಬಿಸಿ ಕುತ್ತಿಗೆ ಕೊಯ್ದೆ ಅಂದೆ, ಅವನ ಮನೆತನವನ್ನೇ ಎಳೆದು ತಂದೆ. ಅವನು ಎಲ್ಲ ಕೇಳಿಸಿಕೊಂಡ.

"ನೀನೂ ತಿರುಗಿ ಬರಂಗಿಲ್ಲಂತ ನನಗ ಗೊತ್ತಿತ್ತು" ಎಂದ. "ನೀ ಊರಿಗೆ ಹೋಗೂ ದಿನ ನಿನ್ನ ಮಾರಿ ನೋಡೇ ತಿಳದಿತ್ತು. ಅದಕ್ಕ ಮಗಳನ್ನ ನಿಮ್ಮ ಮನಿಗೆ ಕಳಿಸಿದ್ದೆ. ಕೂಸಿನ ಮಾರಿ ನೋಡಿ ನೀ ಬರ್ತಿ ಅಂತ. ನಿನಗ ಆಗಿದ್ದು ನನಗೂ ಆಗಿತ್ತಪಾ, ನಾ ಅಳೂದನ್ನ ನೀ ನೋಡಿಲ್ಲ ಅಷ್ಟ. ಇಲ್ಲಿ ಬಂದಮ್ಯಾಲ ನಿದ್ದಿ ಹತ್ತಾಕತ್ತೈತಿ. ಬ್ಯಾಗ ತುಂಬಿದೆ ದೋಸ್ತ, ದೇವರಾಣಿ ತುಂಬಿದೆ. ಮನಿ ಹೊಸ್ತಲಾ ದಾಟಾಕ ಕಾಲ ಏಳಲಿಲ್ಲ."

ಅವನ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಮಾಡಬೇಕೆಂದೇ ಊರಿಗೆ ಹೋಗಿದ್ದೆ. "ಬರಬ್ಯಾಡ" ಎಂದೆ. "ಬಂದ್ಯಂದ್ರ ಕಾಲ ಮುರೀತೇನಿ ಮಗನ." ಅವನು ಅಳುವುದು ಆಗ ಕೇಳಿಸಿತು.

ಸಂಜೆ ಫೋನಿನಲ್ಲಿ ಹೆಂಡತಿಗೆ ಹೇಳಿದೆ. ಅವನನ್ನು ಶಪಿಸುತ್ತಾಳೆ ಅಂದುಕೊಂಡೆ. ಅವಳು ಶಪಿಸಲಿಲ್ಲ.

"ಹಂಗಾರ ಈಗ ನಿಮಗ ಬದಲಿ ಯಾರ್ರಿ?" ಎಂದು ಕೇಳಿದಳು.

"ನೋಡೂಣು, ಯಾರರ ಬರ್ತಾರ" ಎಂದೆ.

"ಯಾರ್ರಿ?" ಎಂದು ಮತ್ತೆ ಕೇಳಿದಳು.