ಕೆಂಪು ಪಟ್ಟಿ ಕಟ್ಟಿದ ಹೇಂಟೆ

ಮದುವೆ ಕಾರಿನಿಂದ ಹೊಸ ಸೊಸೆ ಇಳಿದದ್ದನ್ನು ಊರೆಲ್ಲ ನೋಡಿತು. ಸುನ್-ಮೊಯ್ ನೋಡಿದ್ದು ಅವಳ ಹಿಂದೆ ಇಳಿದ ಬಿದಿರಿನ ಬುಟ್ಟಿಯನ್ನು. ಒಳಗೆ ಒಂದು ಹುಂಜ, ಒಂದು ಹೇಂಟೆ. ಎರಡರ ಕಾಲಿಗೂ ಸೇರಿಸಿ ಕಟ್ಟಿದ ಉದ್ದನೆಯ ಕೆಂಪು ಬಟ್ಟೆಪಟ್ಟಿ. ತವರಿನವರು ಮಗಳ ಜೊತೆ ಕಳಿಸುವ, ಹೊಸ ಬಾಳಿಗೆ ದಾರಿ ತೋರಿಸುವ ಕೋಳಿಗಳು. ಅವನ್ನು ಕಂಡದ್ದೇ ತಡ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವಳು ಒಳಕ್ಕೆ ಸರಿದುಬಿಟ್ಟಳು.

ಸರಿಯದೆ ಏನು ಮಾಡ್ತಾಳೆ, ಪಾಪ! ಎಂಟು ವರ್ಷದ ಹಿಂದೆ ಈ ಮನೆಯ ಹಿರೀ ಸೊಸೆಯಾಗಿ ಬಂದಾಗ ಅವಳ ಜೊತೆಗೂ ಇಂಥದೇ ಜೋಡಿ ಬಂದಿತ್ತು. ಆ ಹೇಂಟೆ ಒಂದೇ ಒಂದು ಮೊಟ್ಟೆ ಇಡಲಿಲ್ಲ. ದಿನದಿನಕ್ಕೆ ಬಡಕಲಾಗಿ ಒಂದು ಬೆಳಿಗ್ಗೆ ಕಾಲು ಚಾಚಿ ಮಲಗಿತು. ಕೋಳಿಯೇ ಇಡಲಿಲ್ಲ, ಇನ್ನು ಸೊಸೆ ಹೆರ್ತಾಳಾ ಅಂದರು ಮಿನುಂಗ್ ಊರಿನ ಹೊಗೆಸೊಪ್ಪಿನ ಹೊಲಗಳಲ್ಲಿ. ಅವಳು ಹೆರಲೂ ಇಲ್ಲ. ಆಮೇಲಿಂದ ಆ ಮನೆಯಲ್ಲಿ ಹಾಲು ಒಡೆದರೂ, ಹಂದಿಮರಿ ಸತ್ತರೂ ಸುನ್-ಮೊಯ್ ಕೈಗುಣ. ಗಂಡ ಆ-ಸಿನ್ ಒಳ್ಳೆಯವನೇ. ಏನು ಪ್ರಯೋಜನ, ಅವ್ವನ ಎದುರು ಬಾಯಿಗೆ ಬೀಗ.

ಅತ್ತೆ ಬುಟ್ಟಿ ಇಸಿದುಕೊಂಡು ಜೋಡಿಯನ್ನು ಹೊಸ ಮಂಚದಡಿಗೆ ನೂಕಿದಳು. ಮೊದಲು ಹುಂಜ ಹೊರಬಂದರೆ ಚೊಚ್ಚಲು ಗಂಡು. ಹುಂಜವೇ ಬಂತು. ಹೆಂಗಸರೆಲ್ಲ ಹೋ ಎಂದು ನಕ್ಕರು. ಅದರ ಹಿಂದೆ ಪಟ್ಟಿಯ ಎಳೆತಕ್ಕೆ ಸಿಕ್ಕಿ ಹೇಂಟೆ ಮಗ್ಗುಲಾಗಿ ಜಾರಿಕೊಂಡು ಬಂದದ್ದನ್ನು ಸುನ್-ಮೊಯ್ ಒಬ್ಬಳೇ ಗಮನಿಸಿದಳು.

ಸಂಜೆ ನೆಂಟರೆಲ್ಲ ಹೋದಮೇಲೆ ಅತ್ತೆ ಅವಳನ್ನು ಹಂದಿಕೊಟ್ಟಿಗೆ ಹತ್ತಿರ ಕರೆದಳು.

"ನೋಡು, ಕೋಳಿ ಹಂದಿ ಎಲ್ಲಾ ನೋಡೋಳು ನೀನೇ. ಇದನ್ನೂ ನೀನೇ ನೋಡ್ಕೋ. ಮೊದಲನೇ ಮೊಟ್ಟೆ ಬೀಳೋವರ್ಗೂ ಪಟ್ಟಿ ಬಿಚ್ಚೋ ಹಾಗಿಲ್ಲ, ಗೊತ್ತಲ್ಲ ಈ ಮನೆ ಪದ್ಧತಿ?"

"ಗೊತ್ತು ಅತ್ತೆ."

"ಹೊಸವರ್ಷದೊಳಗೆ ಇಡ್ಲಿಲ್ಲ ಅಂದ್ರೆ ಕೆಟ್ಟಿರೋದು ಕೋಳಿಯಲ್ಲ, ನಿನ್ನ ಕೈ ಅಂತ ಆಯ್ತು. ಹೊಸವರ್ಷದ ಎರಡನೇ ದಿನ ಪದ್ಧತಿ ಪ್ರಕಾರ ತವರಿಗೆ ಹೋಗ್ತೀಯಲ್ಲ, ಅಲ್ಲೇ ಇದ್ಬಿಡು. ವಾಪಸ್ ಬರ್ಬೇಡ. ಕಿರಿಯವಳ ಮಡ್ಲಿಗೂ ನಿನ್ನ ನೆರಳು ಬೀಳೋದು ಬೇಡ."

ಬೈಯುವ ದನಿಯಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅತ್ತೆ ಹೇಳಿದ್ದು ನಾಳೆ ಅಕ್ಕಿ ನೆನೆಹಾಕು ಅನ್ನುವ ಹಾಗೆ. ಅವತ್ತಿಂದ ಸುನ್-ಮೊಯ್‌ಗೆ ಅದೇ ಧ್ಯಾನ. ತವರಿನಲ್ಲಿ ಅಣ್ಣಂದಿರ ಹೆಂಡಿರ ಕೈಕೆಳಗೆ ಬಿಟ್ಟುಬಂದ ಹೆಣ್ಣಾಗಿ ಬದುಕುವುದನ್ನು ನೆನೆದು ನಡುರಾತ್ರಿ ಎದ್ದು ಹೇಂಟೆಯನ್ನು ನೋಡಿಬರುತ್ತಿದ್ದಳು.

ಮಾಡದ ಉಪಚಾರವಿಲ್ಲ. ಕೊಟ್ಟಿಗೆಯ ಮಬ್ಬು ಮೂಲೆಯಲ್ಲಿ ಹುಲ್ಲು ಹಾಸಿ ಗೂಡು ಮಾಡಿದಳು. ಹೊಳೆಯಿಂದ ಮೊಟ್ಟೆಯಂಥದೇ ಬಿಳಿ ಕಲ್ಲು ಆರಿಸಿ ತಂದು ಗೂಡಿನಲ್ಲಿಟ್ಟಳು, ಇಲ್ಲಿ ಇಡಬಹುದು ಕಣೇ ಅಂತ ಕೋಳಿಗೆ ತಿಳಿಯಲಿ ಎಂದು. ಸಿಂಪಿ ಚಿಪ್ಪು ಕುಟ್ಟಿ ಹಾಕಿದಳು, ಗೆಣಸಿನ ಸೊಪ್ಪು ಹೆಚ್ಚಿ ಹಾಕಿದಳು. ಬಾಗಿಲು ಕಿರುಗುಟ್ಟಬಾರದೆಂದು ತಿರುಗಣಿಗೆ ಹಂದಿಕೊಬ್ಬು ಸವರಿದಳು. ಹೇಂಟೆಯ ಜುಟ್ಟು ಕೆಂಪೇರಿತು. ಬೆನ್ನು ಮುಟ್ಟಿದರೆ ಸಾಕು, ರೆಕ್ಕೆ ಅಗಲಿಸಿ ಕೂರುತ್ತಿತ್ತು. ಎಲ್ಲಾ ಲಕ್ಷಣವೂ ಇತ್ತು. ಮೊಟ್ಟೆ ಇರಲಿಲ್ಲ. ದಿನಾ ಬೆಳಿಗ್ಗೆ ಹುಲ್ಲಿಗೆ ಕೈಹಾಕುವಾಗ ಜೀವ ಬಾಯಿಗೆ ಬರುತ್ತಿತ್ತು. ಕೈಗೆ ಸಿಗುತ್ತಿದ್ದದ್ದು ಆ ತಣ್ಣನೆ ಕಲ್ಲು.

ಅತ್ತೆ ಹೊಗೆಸೊಪ್ಪಿನ ಹೊಲಕ್ಕೆ ಹೊರಡುವಾಗ ಒಮ್ಮೆ ಇಣುಕುವಳು. "ಇಟ್ಟಿತೇನು?"

"ಇನ್ನೂ ಇಲ್ಲ ಅತ್ತೆ. ಹೊಸ ಜಾಗ, ಗಲಿಬಿಲಿ ಆಗಿರ್ಬೇಕು..."

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ."

ಒಂದು ದಿನ ಕೊಟ್ಟಿಗೆ ಪಕ್ಕದ ಒಲೆಯಲ್ಲಿ ಹಂದಿಗೆ ಗೆಣಸಿನ ಬಳ್ಳಿ ಬೇಯಿಸುತ್ತಿದ್ದಾಗ ಹೊಸ ಓರಗಿತ್ತಿ ಕಿಮ್-ಯಿನ್ ಮೆಲ್ಲಗೆ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ಇದು ಇಡ್ಲಿಲ್ಲ ಅಂದ್ರೆ ನನ್ನ ಗತಿ ಏನಕ್ಕಾ?"

ಸುನ್-ಮೊಯ್ ಬೆಂಕಿ ಕೆದಕಿದಳು. ನನ್ನ ಗತಿಯೇ ನಿನ್ನ ಗತಿ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

"ಅಂಗಡಿಯಿಂದ ಒಂದು ಮೊಟ್ಟೆ ತಂದು ಗೂಡಲ್ಲಿ ಇಟ್ಬಿಡೋಣ. ಯಾರಿಗೆ ಗೊತ್ತಾಗತ್ತೆ?" ಅಂದಳು ಕಿಮ್-ಯಿನ್.

"ಅತ್ತೆಗೆ ಗೊತ್ತಾಗತ್ತೆ ಮಾರಾಯ್ತಿ! ಚೊಚ್ಚಲ ಮೊಟ್ಟೆ ಪುಟ್ಟದಿರತ್ತೆ, ಒಂದು ಗೆರೆ ರಕ್ತ ಇದ್ರೂ ಇರತ್ತೆ. ಆಯಮ್ಮನ ಕಣ್ಣು ತಪ್ಪಿಸೋಕಾಗಲ್ಲ."

ಕಿಮ್-ಯಿನ್ ಒಲೆಗೆ ಒಂದು ಸೌದೆ ನೂಕಿ ಕೇಳಿದಳು, "ನಿಮ್ಮ ಕೋಳಿಗೆ ಏನಾಗಿತ್ತಕ್ಕಾ?"

ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರಾದರೂ ಕೇಳಿದ್ದರಾ? ಇಲ್ಲ. ತೀರ್ಪು ಕೊಟ್ಟವರೇ ಎಲ್ಲರೂ. ಸುನ್-ಮೊಯ್ ಉತ್ತರ ಹೇಳಲು ತಲೆ ಎತ್ತಿದಳು. ಎದುರಿಗೆ ಹೇಂಟೆ ಗೂಡಿನತ್ತ ಹೋಗುತ್ತಿತ್ತು. ಕುತ್ತಿಗೆ ಚಾಚಿತು, ಹುಲ್ಲನ್ನು ಕಾಲಿಂದ ಸರಿಸಿತು, ಇನ್ನೇನು ಕೂರಬೇಕು. ಅಷ್ಟರಲ್ಲಿ ಅತ್ತ ಹುಂಜಕ್ಕೆ ಒಂದು ಹುಳ ಕಂಡಿತು. ಅದು ಓಡಿದ ರಭಸಕ್ಕೆ ಪಟ್ಟಿ ಬಿಗಿದು ಹೇಂಟೆ ಮುಗ್ಗರಿಸಿತು. ಎದ್ದಿತು, ಮತ್ತೆ ಗೂಡಿಗೆ ಹೋಯಿತು. ಮತ್ತೆ ಜಗ್ಗು. ಕೊನೆಗೆ ಬಾಯಿ ತೆರೆದು ಏದುಸಿರು ಬಿಡುತ್ತಾ ನಿಂತೇಬಿಟ್ಟಿತು.

ಎಂಟು ವರ್ಷದ ಹಿಂದೆ ಅವಳ ಕೋಳಿಯೂ ಹೀಗೇ ನಿಲ್ಲುತ್ತಿತ್ತು. ಥೇಟ್ ಹೀಗೇ, ಬಾಯಿ ತೆರೆದುಕೊಂಡು. ಕೋಳಿಗೆ ಇಡೋಕೆ ಏಕಾಂತ ಬೇಕು, ಅದಿಲ್ಲದಿದ್ದರೆ ಒಳಗೇ ಹಿಡಿದುಕೊಳ್ಳುತ್ತದೆ ಅನ್ನುವುದು ಕೋಳಿ ಸಾಕಿದ ಯಾರಿಗೆ ಗೊತ್ತಿಲ್ಲ? ಆದರೆ ಆ ಪಟ್ಟಿ ದಂಪತಿಗಳ ಆಯುಷ್ಯ. ಅದನ್ನು ಬಿಚ್ಚುವ ಮಾತನ್ನು ಮನಸ್ಸಿನಲ್ಲಿ ತಂದುಕೊಂಡದ್ದಕ್ಕೇ ಸುನ್-ಮೊಯ್ ಬೆವತುಹೋದಳು.

ಹೊಸವರ್ಷದ ಹಿಂದಿನ ದಿನ ಎಲ್ಲರೂ ಹೊಲದಲ್ಲಿದ್ದರು. ಕಿಮ್-ಯಿನ್ ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಸುನ್-ಮೊಯ್ ಕೊಟ್ಟಿಗೆಗೆ ಹೋಗಿ ಮಂಡಿಯೂರಿದಳು. ಗಂಟು ಬಿಗಿದುಹೋಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು. ಪೂರ್ವಿಕರೇ, ತಪ್ಪಾದ್ರೆ ನನಗೊಬ್ಬಳಿಗೇ ತಟ್ಟಲಿ, ಆ ಹುಡುಗಿಗೆ ಬೇಡ ಅಂತ ಬಾಯಲ್ಲಿ ಪಟ್ಟಿ ಇದ್ದಂತೆಯೇ ಬೇಡಿಕೊಂಡಳು. ಗಂಟು ಬಿಚ್ಚಿತು. ಹೇಂಟೆ ಒಂದು ಕ್ಷಣ ನಂಬದೆ ನಿಂತು, ಆಮೇಲೆ ರೆಕ್ಕೆ ಬಡಿದು ಅವಳ ಭುಜದ ಮೇಲಿಂದ ಹಾರಿ ಅಂಗಳ ದಾಟಿ ಮಾಯವಾಯಿತು.

ಅಯ್ಯೋ! ಒಲೆಯ ಹಿಂದೆ ಹುಡುಕಿದಳು, ಸೌದೆ ಒಟ್ಟಿಲ ಕೆಳಗೆ ಹುಡುಕಿದಳು, ಬಾಳೆಬುಡ, ಹಂದಿದೊಡ್ಡಿ, ಹೊಗೆಸೊಪ್ಪು ಒಣಗಿಸುವ ಮನೆ. ಎಲ್ಲೂ ಇಲ್ಲ. ಬೀದಿನಾಯಿ ಹಿಡಿಯಿತೋ, ಕಾಲುವೆಗೆ ಬಿತ್ತೋ. ಅಂಗಳದ ನಡುವೆ ನಿಂತಿದ್ದಾಗಲೇ ಅತ್ತೆ ಬಂದಳು, ಎರಡೂ ಕೈಗೆ ಹೊಗೆಸೊಪ್ಪಿನ ಕಪ್ಪು ಅಂಟು. ಎದುರಿಗೆ ಹುಂಜ ಬರಿದಾದ ಪಟ್ಟಿ ಎಳೆದುಕೊಂಡು ಠೀವಿಯಿಂದ ಓಡಾಡುತ್ತಿತ್ತು.

"ಹೇಂಟೆ ಎಲ್ಲೇ?"

ಅತ್ತೆ ಬಗ್ಗಿ ಪಟ್ಟಿಯ ತುದಿ ಹಿಡಿದಳು.

"ಯಾರು ಬಿಚ್ಚಿದ್ದು?"

"ನಾನೇ ಅತ್ತೆ."

"ನೀನೇ! ನೂರು ವರ್ಷ ಬಾಳ್ಲಿ ಅಂತ ಕಟ್ಟಿದ್ದನ್ನ ಬಿಚ್ಚೋಕೆ ನಿನಗೆ ಕೈ ಹೇಗೆ ಬಂತೇ? ಹೊಟ್ಟೆಕಿಚ್ಚಿನೋಳೇ! ಬಟ್ಟೆ ಕಟ್ಕೋ. ನಾಡಿದ್ದರ ತನಕ ಕಾಯೋದೂ ಬೇಡ, ಈಗ್ಲೇ..."

"ಬಿಚ್ಚಿ ಅಂದಿದ್ದು ನಾನು," ಅಂದಳು ಬಾವಿಕಟ್ಟೆಯಿಂದ ಓಡಿಬಂದ ಕಿಮ್-ಯಿನ್. ಹಸೀ ಸುಳ್ಳು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಆದರೂ ಓರಗಿತ್ತಿಯ ತೋಳು ಬಿಡಲಿಲ್ಲ.

ಅತ್ತೆ ಕೈ ಎತ್ತಿದಳು. ಆಗ ಕೇಳಿಸಿತು. ಕೊಕ್, ಕೊಕ್, ಕೊಕ್, ಕೊಕ್ಕೋಕ್ಕೋ! ಮೊಟ್ಟೆ ಇಟ್ಟ ಕೋಳಿ ಊರಿಗೆಲ್ಲ ಸಾರುವ ಕೂಗು. ಬಂದದ್ದು ಕೊಟ್ಟಿಗೆಯಿಂದಲ್ಲ, ಸುನ್-ಮೊಯ್ ಕೋಣೆಯಿಂದ.

ಮೂವರೂ ಒಳಗೆ ನುಗ್ಗಿದರು. ಮಂಚದಡಿ, ಸುನ್-ಮೊಯ್ ಮದುವೆಯಲ್ಲಿ ತನ್ನ ಕೋಳಿಗಳನ್ನು ತಂದಿದ್ದ ಹಳೇ ಬುಟ್ಟಿ. ಎಸೆಯಲು ಮನಸ್ಸಾಗದೆ ಚಿಂದಿ ಬಟ್ಟೆ ತುಂಬಿ ಇಟ್ಟಿದ್ದಳು. ಅತ್ತೆ ನೆಲಕ್ಕೆ ಬಾಗಿ ತೋಳು ಚಾಚಿ ತೆಗೆದಳು. ಪುಟ್ಟ ಮೊಟ್ಟೆ, ಬೆಚ್ಚಗಿತ್ತು, ಒಂದು ಗೆರೆ ರಕ್ತ ಅಂಟಿತ್ತು.

ಅತ್ತೆ ಮೇಲೇಳಲಿಲ್ಲ. ಮೊಟ್ಟೆ ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟಳು. ಬುಟ್ಟಿಯನ್ನು ನೋಡಿದಳು, ಅಂಗಳದ ಹುಂಜವನ್ನು ನೋಡಿದಳು.

"ನಿನ್ನ ಕೋಳಿ... ಅದರ ಪಟ್ಟಿ ಯಾವತ್ತಾದ್ರೂ ಬಿಚ್ಚಿದ್ವಾ?"

"ಇಲ್ಲ ಅತ್ತೆ. ಸತ್ತಮೇಲೂ ಬಿಚ್ಚಲಿಲ್ಲ. ಹಾಗೇ ಹೂತ್ವಿ."

ಆ ರಾತ್ರಿ ಹಬ್ಬದೂಟದಲ್ಲಿ ಅತ್ತೆ ಆ ಮೊಟ್ಟೆ ಬೇಯಿಸಿ, ದಾರದಲ್ಲಿ ಕೊಯ್ದು, ಇಬ್ಬರು ಸೊಸೆಯರ ಬಟ್ಟಲಿಗೂ ಅರ್ಧರ್ಧ ಹಾಕಿದಳು. ಸುನ್-ಮೊಯ್‌ಗೆ ಅದರಿಂದ ಧೈರ್ಯವೇನೂ ಬರಲಿಲ್ಲ. ತವರಿನಿಂದ ವಾಪಸ್ ಬಾ ಅಂತ ಅತ್ತೆ ಹೇಳಿರಲಿಲ್ಲವಲ್ಲ.

ಹೊಸವರ್ಷದ ಎರಡನೇ ದಿನ ಬೆಳಿಗ್ಗೆ ಅವಳು ಬಟ್ಟೆಗಂಟು ಹಿಡಿದು ಅಂಗಳಕ್ಕೆ ಬಂದಳು. ತರಬೇಕಾದ್ದನ್ನೆಲ್ಲ ತಂದೆನೋ ಇಲ್ಲವೋ ಎಂಬಂತೆ ಕೋಣೆಯನ್ನು ಮತ್ತೊಮ್ಮೆ ತಿರುಗಿ ನೋಡಿದಳು. ಅತ್ತೆ ಕೋಳಿಗೆ ಕಾಳು ಚೆಲ್ಲುತ್ತಾ, ಅವಳ ಮುಖ ನೋಡದೆ ಹೇಳಿದಳು.

"ಕತ್ತಲಾಗೋ ಮೊದ್ಲು ಬಂದ್ಬಿಡು. ನಿನ್ನ ಕೋಳಿ ಬೇರೆ ಯಾರ ಕೈಗೂ ಬರಲ್ಲ."

ಸಂಜೆ ತವರಿನಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ವರ್ಷಕ್ಕೊಂದ್ಸಲ ಬರ್ತೀಯ, ಇವತ್ತೊಂದು ರಾತ್ರಿ ಇರೇ."

"ಇಲ್ಲಮ್ಮ," ಅಂದಳು ಸುನ್-ಮೊಯ್, ಚಪ್ಪಲಿ ಹುಡುಕುತ್ತಾ. "ಹೋಗ್ಬೇಕು. ನನ್ನ ಕೋಳಿ ಮುಚ್ಬೇಕು."