ಕವರ್ ಬಿಚ್ಚದ ಓವನ್

ಕಳೆದ ವಾರ ಮಾಲೂರಿನಲ್ಲಿ ನಾನು ಮುಖ್ಯ ಅತಿಥಿಯಾಗಿದ್ದೆ. (ನಗಬೇಡಿ. ಬರಬೇಕಿದ್ದವರು ಕೈಕೊಟ್ಟಿದ್ದರಂತೆ.) ಮಹಿಳೆಯರಿಗೆ ಒಂದು ತಿಂಗಳ ಉಚಿತ ಬೇಕರಿ ತರಬೇತಿ, ಅದರ ಸಮಾರೋಪ. ಸಂಯೋಜಕರು ನನ್ನನ್ನು ಮೊದಲು ಕರೆದುಕೊಂಡು ಹೋಗಿ ನಿಲ್ಲಿಸಿದ್ದೇ ಓವನ್ ಮುಂದೆ.

ಏನು ಓವನ್ ಅಂತೀರಿ! ಬೀರುವಿನಷ್ಟು ಎತ್ತರ. ಮೈತುಂಬ ಅರಿಶಿನ ಕುಂಕುಮ, ಬಾಗಿಲಿಗೆ ಒಣಗಿದ ಸೇವಂತಿಗೆ ಹಾರ. ಕಂಪನಿಯವರು ಹೊದಿಸಿ ಕಳಿಸಿದ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಕುಂಕುಮ ಇಟ್ಟಿದ್ದೂ ಅದರ ಮೇಲೆಯೇ.

"ಚೆನ್ನಾಗಿ ಮೇಂಟೇನ್ ಮಾಡಿದೀರಿ" ಅಂದೆ.

"ಒಂದು ಸಲಾನೂ ಆನ್ ಮಾಡಿಲ್ಲ ಮೇಡಮ್" ಎಂದರು ಹೆಮ್ಮೆಯಿಂದ. "ಮೇಲಿಂದ ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಅವರು ನೋಡೋವರ್ಗೂ ಹೊಸದಾಗೇ ಇರ್ಬೇಕಲ್ವಾ?"

ಇರಬೇಕಪ್ಪ, ಖಂಡಿತ ಇರಬೇಕು. ಹಾಗಾದರೆ ಒಂದು ತಿಂಗಳು ಕಲಿಸಿದ್ದೇನು? ಥಿಯರಿ! ಮೈದಾ ಎಷ್ಟು, ಬೆಣ್ಣೆ ಎಷ್ಟು, ನೂರೆಂಬತ್ತು ಡಿಗ್ರಿಯಲ್ಲಿ ಎಷ್ಟು ನಿಮಿಷ, ಎಲ್ಲವನ್ನೂ ಬೋರ್ಡ್ ಮೇಲೆಯೇ ಬೇಯಿಸಿದ್ದಾರೆ. ಪ್ರಾಕ್ಟಿಕಲ್ ಇಲ್ಲ ಅಂದುಕೊಂಡಿರಾ? ಅದೂ ಇತ್ತು. ಸ್ಟೀಲ್ ಡಬ್ಬಿ ಬೋರಲು ಹಾಕಿ, ಅದರ ಮೇಲೆ ಕ್ರೀಮಿನಲ್ಲಿ ಗುಲಾಬಿ ಬಿಡಿಸುವುದು. ಬಿಡಿಸಿದ್ದನ್ನು ಕೆರೆದು, ಮತ್ತೆ ಕವರಿಗೆ ತುಂಬಿ ಪಕ್ಕದವರಿಗೆ ಕೊಡುವುದು. ಡಬ್ಬಿಗೆ ಅಲಂಕಾರ ಮಾಡುವುದರಲ್ಲಿ ಈಗ ಎಲ್ಲರದೂ ಎತ್ತಿದ ಕೈ.

ಅವರಲ್ಲಿ ಮಂಜುಳಾ ಒಬ್ಬರು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮಾಸ್ತಿಯಿಂದ ದಿನಾ ಬಸ್ಸಿನಲ್ಲಿ ಬಂದವರು. ಒಂದು ದಿನವೂ ತಪ್ಪಿಸಿದವರಲ್ಲ. ಊರಲ್ಲೇ ಕೇಕ್ ಮಾಡಿ ಮಾರುವ ಆಸೆಯಿಂದ ಮನೆಗೊಂದು ಚಿಕ್ಕ ಓವನ್ನೂ ತಂದಿಟ್ಟುಕೊಂಡಿದ್ದಾರೆ.

"ಭಾನುವಾರ ನಮ್ಮಣ್ಣನ ಮಗೂದು ಮೊದಲ್ನೇ ಬರ್ತ್‌ಡೇ ಮೇಡಮ್. ಕೇಕ್ ನಾನೇ ಮಾಡ್ತೀನಿ ಅಂತ ಊರಿಗೆಲ್ಲಾ ಹೇಳ್‌ಬಿಟ್ಟಿದೀನಿ" ಎಂದು ನನಗೆ ಹೇಳಿ, ಸಂಯೋಜಕರ ಕಡೆ ತಿರುಗಿದರು. "ಸಾರ್, ಇವತ್ತೊಂದಿನ ಆನ್ ಮಾಡಿ ತೋರ್ಸಿ ಸಾರ್. ಒಳಗೆ ಬೆಂದೈತೋ ಇಲ್ವೋ ಅಂತ ನೋಡೋದು ಹೆಂಗೆ?"

"ಏಮ್ಮಾ, ನೋಟ್ಸ್ ಬರ್ಸಿದೀವಲ್ಲ? ಮನೇಲಿ ಓದ್ಕೊಳ್ಳಮ್ಮ."

ಆಮೇಲೆ ವೇದಿಕೆ, ಶಾಲು, ನನ್ನ ಭಾಷಣ. (ವಿಷಯ: ಸ್ವಾವಲಂಬನೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.) ಕೊನೆಗೆ ಕೇಕ್ ಕತ್ತರಿಸಿದೆವು. ಯಾವ ಕೇಕ್ ಅಂತೀರಾ? ಎದುರುಗಡೆ ಬೇಕರಿಯಿಂದ ತರಿಸಿದ್ದು!

ಎಲ್ಲರೂ ತಿಂದರು. ಮಂಜುಳಾ ಮಾತ್ರ ತಮ್ಮ ಪಾಲಿನ ತುಂಡನ್ನು ಬೆರಳಿನಿಂದ ಒತ್ತಿ ನೋಡಿದರು, ಮುರಿದು ನೋಡಿದರು, ಮೂಸಿ ನೋಡಿದರು. ಇಡೀ ತಿಂಗಳಲ್ಲಿ ಅವರಿಗೆ ಸಿಕ್ಕ ನಿಜವಾದ ಪ್ರಾಕ್ಟಿಕಲ್ ಅದೊಂದೇ. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಸರ್ಟಿಫಿಕೇಟುಗಳ ಕಟ್ಟು ಬಂತು. "ಓವನ್ ಬಳಕೆಯಲ್ಲಿ ಪರಿಣತಿ ಪಡೆದಿರುತ್ತಾರೆ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಭಾನುವಾರ ಆ ಕೇಕ್ ಒಳಗೆ ಹಸಿಯಾಗಿಯೇ ಉಳಿದರೆ ಊರು ನಗುವುದು ಮಂಜುಳಾ ಅವರನ್ನು ನೋಡಿ.

ಸರ್ಟಿಫಿಕೇಟಿಗೆ ಸಹಿ ಹಾಕಿದವಳು ಮಾತ್ರ ನಾನು.