ಹೊಸಿಯತಳ ಹೂಪಾತಿ

ಚುಸ್ತ್ ಊರಿನ ನಮ್ಮ ಓಣಿಯಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಎಲ್ಲರೂ ಚಳಿಗಾಲಕ್ಕೆ ಕ್ಯಾರೆಟ್ ಕೂಡಿಡುವ ಗಡಿಬಿಡಿಯಲ್ಲಿದ್ದರೆ, ಹೊಸಿಯತ್ ಟ್ಯೂಲಿಪ್ ಗಡ್ಡೆ ನೆಡುತ್ತ ಕೂತಿರುತ್ತಿದ್ದಳು. ಟೊಪ್ಪಿಗಳಿಗೆ ಕಸೂತಿ ಹಾಕುವುದು ಅವಳ ಕಸುಬು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಗಂಡ ಸೋಬಿರನ ತಮ್ಮನಿಗೆ ಎರಡನೆಯ ಹೆಣ್ಣು ಹುಟ್ಟಿದಾಗ ಅತ್ತೆಯೇ ಕೂಸನ್ನು ತಂದು ಇವಳ ಮಡಿಲಿಗೆ ಹಾಕಿದಳು. ನಮ್ಮಲ್ಲಿ ಹಾಗೆ ಕೊಡುವುದುಂಟು.

ಆ ಕೂಸೇ ಅನೋರಾ. ನಡೆಯಲು ಬಂದಾಗಿನಿಂದ ಪಾತಿಯಲ್ಲೇ ಅವಳ ಆಟ.

"ಅಮ್ಮಾ, ತಲೆಕೆಳಗಾಗಿ ನೆಟ್ರೆ ಏನಾಗ್ತದೆ?"

"ಹೂವು ಮಣ್ಣೊಳಗೇ ಅರಳ್ತದೆ. ಇರುವೆಗಳು ಮದುವೆ ಚಪ್ಪರಕ್ಕೆ ಕಿತ್ಕೊಂಡು ಹೋಗ್ತವೆ!"

ಗೋಡೆಯಾಚೆ ಇಬ್ಬರ ನಗು ನನಗೆ ಕೇಳಿಸುತ್ತಿತ್ತು.

ಅನೋರಾ ಶಾಲೆಗೆ ಸೇರುವ ವರ್ಷ ಬೇಸಿಗೆಯಲ್ಲಿ, ಅವಳನ್ನು ಹೆತ್ತ ಓರಗಿತ್ತಿ ದಿಲೋರಮಳ ಹಿರಿಮಗಳು ಕಾಲುವೆಯಲ್ಲಿ ಮುಳುಗಿ ತೀರಿಕೊಂಡಳು. ಅಕ್ಟೋಬರಿನಲ್ಲಿ ದಿಲೋರಮ್ ತನ್ನೂರು ನಮಂಗಾನಿನಿಂದ ಬಂದಳು. ಹೊಸಿಯತ್, ಅನೋರಾ ಇಬ್ಬರೂ ಗಡ್ಡೆ ನೆಡುತ್ತಿದ್ದರು. ದಿಲೋರಮ್ ಮಗುವನ್ನು ಒಳಗೆ ಕಳಿಸಿ ಪಾತಿಯ ಪಕ್ಕ ಕುಕ್ಕರಿಸಿದಳು.

"ಅಕ್ಕಾ, ಮನೇಲಿ ಸದ್ದೇ ಇಲ್ಲ. ಅವಳ ಹಾಸಿಗೆ ಇನ್ನೂ ಮಡಚಿಲ್ಲ ನಾನು. ನನ್ ಮಗೂನ ನಂಗೆ ಕೊಟ್ಬಿಡು."

"ಕೇಳೋಕೆ ಮನಸ್ಸಾದ್ರೂ ಹೇಗೆ ಬಂತೇ ನಿಂಗೆ?"

"ಅವತ್ತು ಕೊಡೋಕೆ ಬಂದಿತ್ತಲ್ಲ ಅಕ್ಕಾ, ಅದೇ ಮನಸ್ಸು."

ಅಷ್ಟರಲ್ಲಿ ಅತ್ತೆ, ಸೋಬಿರ್ ಇಬ್ಬರೂ ಹೊರಗೆ ಬಂದಿದ್ದರು. ಹೊಸಿಯತ್ ಅತ್ತೆಯ ಮುಖ ನೋಡಿದಳು.

"ಕೊಡದಿದ್ರೆ ಅವಳು ಸಾಯ್ತಾಳೆ. ಕೊಟ್ರೆ ನೀನು ಸಾಯಲ್ಲ, ಬರಿಮಡಿಲು ನಿಂಗೆ ರೂಢಿಯಾಗಿದೆ" ಎಂದಳು ಮುದುಕಿ. ಸೋಬಿರ್ ತಲೆ ತಗ್ಗಿಸಿ ನಿಂತಿದ್ದ.

ನಾಲ್ಕು ದಿನಕ್ಕೆಂದು ನಂಬಿಸಿ ಮಗುವನ್ನು ಕರೆದೊಯ್ದರು. "ಉಳಿದಿದ್ದು ನಾನ್ ಬಂದ್ಮೇಲೆ ನೆಡೋಣ, ನೀನೊಬ್ಳೇ ನೆಟ್ಬಿಡ್ಬೇಡ!" ಎಂದು ಕಾರಿನಿಂದ ಕೂಗಿತು. ಹೊಸಿಯತ್ ನೆಡಲಿಲ್ಲ. ಹಿಮ ಬಿದ್ದ ಮೇಲೆ ಬುಟ್ಟಿಯಲ್ಲಿದ್ದ ಗಡ್ಡೆಗಳು ಮೆತ್ತಗಾಗಿ ಕೊಳೆತವು.

ವಸಂತದಲ್ಲಿ ಅರ್ಧ ಪಾತಿ ಕೆಂಪಾಯಿತು, ಇನ್ನರ್ಧ ಬರಿ ಮಣ್ಣು. ಆಗಲೇ ದಿಲೋರಮ್ ಮಗುವನ್ನು ಕರೆತಂದಳು. ಹೊಸಿಯತ್ ಬೆಳಗಿನಿಂದ ಒಲೆಯಲ್ಲಿ ಸೊಪ್ಪು ತುಂಬಿದ ಸಮ್ಸಾ ಕಡುಬು ಬೇಯಿಸಿದ್ದಳು. ರೇಷ್ಮೆಯ ಹೊಸ ಅಂಗಿ ತೊಟ್ಟ ಅನೋರಾ ಬಾಗಿಲಲ್ಲೇ ನಿಂತು ದಿಲೋರಮಳ ಮುಖ ನೋಡಿತು. ಆಮೇಲೆ ಎದೆಯ ಮೇಲೆ ಕೈಯಿಟ್ಟು, "ಸಲಾಮ್, ದೊಡ್ಡಮ್ಮ" ಎಂದಿತು.

"ಬಾ ಕಂದ, ಬಿಸಿ ಆರೋದ್ರೊಳಗೆ ತಿನ್ನು" ಎಂದಳು ಹೊಸಿಯತ್.

ದಿಲೋರಮ್ ಮೆಲ್ಲಗೆ, "ತಪ್ಪು ತಿಳ್ಕೋಬೇಡ ಅಕ್ಕಾ, ಮಗೂಗೆ ಗೊಂದಲ ಆಗ್ತಿತ್ತು" ಎಂದಳು.

"ಸರಿಯಾಗೇ ಕಲಿಸಿದ್ದೀಯ."

ಮಗು ತಿಂದಿತು, ಓಣಿಯ ಮಕ್ಕಳೊಂದಿಗೆ ಆಡಿತು, ಹೊತ್ತಿಳಿಯುವ ಮುಂಚೆ ಹೊರಟಿತು. ಪಾತಿಯ ಕಡೆ ಸುಳಿಯಲೇ ಇಲ್ಲ. ಅವರು ಹೋದ ಮೇಲೆ ನಾನು ಹೋಗಿ ನೋಡಿದರೆ, ಹೊಸಿಯತ್ ಅರಳಿದ ಹೂವಿನ ಸಮೇತ ಗಡ್ಡೆಗಳನ್ನು ಅಗೆದು ಅಗೆದು ಗೋಡೆಯ ಬುಡಕ್ಕೆ ಎಸೆಯುತ್ತಿದ್ದಳು. ಕೈ ಹಿಡಿದೆ. ಕೊಡವಿಕೊಂಡಳು.

ಮುಂದಿನ ಚಳಿಗೆ ಮುಂಚೆ ಸೋಬಿರ್ ಸಂತೆಯಿಂದ ಒಂದು ಚೀಲ ಹೊಸ ಗಡ್ಡೆ ತಂದು ಅವಳ ಮುಂದಿಟ್ಟ. ಅವಳು ಕಸೂತಿಯಿಂದ ತಲೆಯೆತ್ತಲಿಲ್ಲ.

"ಯಾರಿಗಾದ್ರೂ ಕೊಟ್ಬಿಡಿ" ಎಂದಳು.